ಲಕ್ಷ ಕಲ್ಲುಗಳ ಗುಪ್ಪೆಯಲ್ಲಿ ಒಂದು ಕಲ್ಲಿನ ಲೆಕ್ಕ

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ, ಊರಿನಿಂದ ಬಂದಿದ್ದ ನಮ್ಮ ತಂದೆಯವರನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್‌ನೆಸ್ ಪ್ರದೇಶಕ್ಕೆ ಹೋಗಿದ್ದೆ. ಅಲ್ಲಿ ‘ಗ್ರೇ ಕೇರ್ನ್ಸ್ ಆಫ್ ಕ್ಯಾಮ್‌ಸ್ಟರ್’ ಎಂಬ ಎರಡು ಕಲ್ಗುಪ್ಪೆಗಳ ಒಳಗೆ ತೆವಳಿಕೊಂಡು ಹೋಗಿಬಂದೆವು. ತಂದೆಯವರು ಕೊಪ್ಪಳ ಜಿಲ್ಲೆಯವರು. ಹೊರಗೆ ಬಂದವರೇ ‘ಇದು ನಮ್ಮ ಹಿರೇಬೆಣಕಲ್ಲಿನ ಮೊರೇರ ಮನೆ ಇದ್ದಂಗೇ ಐತಿ’ ಎಂದರು. (ಅಲ್ಲಿನ ಗುಡ್ಡದ ಮೇಲಿರುವ ಪ್ರಾಚೀನ ಶಿಲಾಸಮಾಧಿಗಳನ್ನು ಊರವರು ಕರೆಯುವುದು ಹಾಗೆ.) ಮನೆಗೆ ಮರಳಿದ ಮೇಲೆ ಮಗಳ ಜೇಬಿನಲ್ಲಿ ಅಲ್ಲಿಂದ ತಂದ ಅಂಗೈಯಗಲದ ಚಪ್ಪಟೆ ಕಲ್ಲೊಂದು ಸಿಕ್ಕಿತು. ಅದು ಸಂರಕ್ಷಿತ ಸ್ಮಾರಕ, ಅಲ್ಲಿಂದ ಏನನ್ನು ತೆಗೆದರೂ ಅಪರಾಧ ಎಂದು ಆಮೇಲೆ ಓದಿದೆ. ಆದರೆ ಆ ಗುಪ್ಪೆಗಳಲ್ಲಿ ಲಕ್ಷಾಂತರ ಕಲ್ಲುಗಳಿವೆ. ಒಂದರ ಬಹುಭಾಗವನ್ನು ಕಳೆದ ಶತಮಾನದಲ್ಲಿ ಮರಳಿ ಕಟ್ಟಿ ಛಾವಣಿಗೆ ಬೆಳಕಿಂಡಿಯನ್ನೂ ಇಟ್ಟಿದ್ದಾರೆ. ಹಾಗಿದ್ದ ಮೇಲೆ ಅವರು ಕಾಯುತ್ತಿರುವುದು ಏನನ್ನು? ಅಲ್ಲಿಯವರೂ ನಮ್ಮವರೂ ಒಂದೇ ಬಗೆಯ ಜನರೆ? ಈಗ ಈ ಕಲ್ಲನ್ನು ಏನು ಮಾಡಲಿ?
(ಓದುಗರೊಬ್ಬರು, ಅಬರ್ಡೀನ್)

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅಲ್ಲಿ ಕಾಯುತ್ತಿರುವುದು ಏನನ್ನು ಎಂಬುದು ಸ್ಪಷ್ಟವಾದರೆ ಉಳಿದೆರಡಕ್ಕೂ ದಾರಿ ತಾನಾಗಿ ತೆರೆಯುತ್ತದೆ.

‘ಕೇರ್ನ್’ ಎಂಬ ಪದ ಬಂದಿರುವುದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ‘ಕಾರ್ನ್’ನಿಂದ, ಅದರ ಅರ್ಥ ಕಲ್ಲಿನ ರಾಶಿ ಎಂದಷ್ಟೇ. ನಮ್ಮ ಪುರಾತತ್ತ್ವ ಬರಹಗಳಲ್ಲಿ ಬಳಕೆಯಲ್ಲಿರುವ ‘ಕಲ್ಗುಪ್ಪೆ’ ಎಂಬ ಮಾತೂ ಅದನ್ನೇ ಹೇಳುತ್ತದೆ. ಎರಡೂ ಪದಗಳು ಒಂದು ತಪ್ಪು ಕಲ್ಪನೆಗೆ ಎಡೆಮಾಡುತ್ತವೆ: ಯಾರೋ ಒಂದು ಗೋರಿಯ ಮೇಲೆ ಬುಟ್ಟಿಗಟ್ಟಲೆ ಕಲ್ಲು ತಂದು ಸುರಿದರು, ಅದು ಬೆಟ್ಟದಂತೆ ಬೆಳೆಯಿತು ಎಂಬಂತೆ. ಕ್ಯಾಮ್‌ಸ್ಟರ್‌ನಲ್ಲಿರುವುದು ಸುರಿದ ರಾಶಿಯಲ್ಲ. ಅದು ಸುಣ್ಣವನ್ನಾಗಲಿ ಮಣ್ಣಿನ ಗಾರೆಯನ್ನಾಗಲಿ ಬಳಸದೆ ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ ಎಬ್ಬಿಸಿದ ಕಟ್ಟಡ. ಹೊರಗಿನಿಂದ ನೋಡುವವರಿಗೆ ರಾಶಿಯಾಗಿ ಕಾಣುತ್ತದೆ, ಅಷ್ಟೆ.

ಆ ಸೀಮೆಯ ಕಲ್ಲೇ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂಥದು. ಕೇತ್‌ನೆಸ್‌ನ ನೆಲದಡಿ ಇರುವುದು ಪದರ ಪದರವಾಗಿ ಸೀಳುವ ಮರಳುಗಲ್ಲಿನ ಜಾತಿ. ನಮ್ಮ ಕಡೆಯ ಶಹಾಬಾದ್ ಕಲ್ಲು ಹೇಗೆ ಉಳಿಯ ಒಂದೆರಡು ಏಟಿಗೆ ಹಲಗೆಯಂತೆ ಬಿಟ್ಟುಕೊಳ್ಳುತ್ತದೆಯೋ ಹಾಗೆಯೇ ಇದೂ ಬಿಟ್ಟುಕೊಳ್ಳುತ್ತದೆ. ಶಹಾಬಾದಿನದು ಸುಣ್ಣಕಲ್ಲು, ಇದು ಅದಲ್ಲ. ಆದರೆ ಕಟ್ಟುವವನ ಕೈಗೆ ಎರಡರ ಗುಣವೂ ಒಂದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚಪ್ಪಡಿಗಳು ಹಡಗಿನಲ್ಲಿ ದೂರದೂರದ ನಗರಗಳ ಕಾಲುದಾರಿಗಳಿಗೆ ಹೋದವು. ಇಂದಿಗೂ ಅಲ್ಲಿನ ಹೊಲಗಳ ಅಂಚಿಗೆ ಬೇಲಿಯಾಗಿ ಚಪ್ಪಡಿಗಳನ್ನೇ ಸಾಲಾಗಿ ನಿಲ್ಲಿಸಿರುವುದನ್ನು ನೀವು ದಾರಿಯುದ್ದಕ್ಕೂ ನೋಡಿರುತ್ತೀರಿ. ಐದು ಸಾವಿರ ವರ್ಷಗಳಿಗೂ ಹಿಂದೆ, ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ ಏಳುವುದಕ್ಕೆ ಎಷ್ಟೋ ಶತಮಾನ ಮೊದಲು, ಲೋಹವೆಂದರೇನೆಂದು ತಿಳಿಯದಿದ್ದ ಜನ ಇದೇ ಕಲ್ಲಿನಿಂದ ತಮ್ಮ ಸತ್ತವರಿಗೆ ಮನೆ ಕಟ್ಟಿದರು.

ನೀವು ತೆವಳಿದ ದುಂಡು ಗುಪ್ಪೆಯ ಅಡ್ಡಗಲ ಸುಮಾರು 18 ಮೀಟರ್, ಎತ್ತರ 3.7 ಮೀಟರ್. ಒಳಗೆ ಹೋಗುವ ಓಣಿ ಸುಮಾರು 6 ಮೀಟರ್ ಉದ್ದದ್ದು. ದೊಡ್ಡವರು ಮೊಣಕಾಲೂರಿಯೇ ಹೋಗಬೇಕು. ನಾನು ಮೊದಲ ಸಲ ಹೋದಾಗ ಬೆನ್ನಚೀಲವನ್ನು ಹೊರಗೇ ಬಿಡಬೇಕಾಯಿತು. ಓಣಿ ಮುಗಿದು ಕೋಣೆಗೆ ಬಂದು ಸೊಂಟ ನೆಟ್ಟಗೆ ಮಾಡಿದಾಗ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಒಂದು, ಆಳೆತ್ತರದ ಚಪ್ಪಡಿಗಳನ್ನು ಇಕ್ಕೆಲಗಳ ಗೋಡೆಯಿಂದ ಎದುರು ಬದುರಾಗಿ ಚಾಚಿ ನಿಲ್ಲಿಸಿ ಒಳಾವರಣವನ್ನು ಅಂಕಣಗಳಾಗಿ ವಿಂಗಡಿಸಿರುವುದು. ಇನ್ನೊಂದು, ತಲೆಯ ಮೇಲಿನ ಛಾವಣಿ. ಅಲ್ಲಿ ಕಮಾನಿಲ್ಲ, ತೊಲೆಯಿಲ್ಲ. ಗೋಡೆಯ ಪ್ರತಿಯೊಂದು ವರಸೆಯನ್ನೂ ಕೆಳಗಿನ ವರಸೆಗಿಂತ ಎರಡು ಮೂರು ಬೆರಳಷ್ಟು ಒಳಕ್ಕೆ ಚಾಚಿ ಕೂರಿಸುತ್ತ ಹೋಗಿದ್ದಾರೆ; ಮೇಲೆ ಹೋದಂತೆ ಬಯಲು ಕಿರಿದಾಗುತ್ತ ಬಂದು ಕೊನೆಗೆ ಮುಚ್ಚುಗಲ್ಲಿಗೆ ತಾವು ಸಿಗುತ್ತದೆ.

ಈ ಛಾವಣಿ ಬೀಳದೆ ನಿಂತಿರುವುದರ ಗುಟ್ಟು ಒಳಗಿಲ್ಲ, ಹೊರಗಿನ ರಾಶಿಯಲ್ಲಿದೆ. ಒಳಕ್ಕೆ ಚಾಚಿದ ಕಲ್ಲಿನ ತುದಿ ತನ್ನ ಭಾರಕ್ಕೆ ತಾನೇ ಕೋಣೆಯೊಳಕ್ಕೆ ವಾಲಲು ನೋಡುತ್ತದೆ. ಅದರ ಹಿಂತುದಿಯ ಮೇಲೆ ಸಾಕಷ್ಟು ಭಾರ ಹೇರಿದ್ದರೆ ಮಾತ್ರ ಅದು ಕದಲದೆ ಇರುತ್ತದೆ. ಮೇಜಿನ ಅಂಚಿನಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಮುಂದೆ ಜರುಗಿಸುತ್ತ ಪೇರಿಸಿ ನೋಡಿ. ಹಿಂದೆ ಕೈ ಒತ್ತಿಕೊಂಡಿರುವಷ್ಟು ಹೊತ್ತು ನಿಲ್ಲುತ್ತವೆ, ಕೈ ತೆಗೆದರೆ ಜಾರುತ್ತವೆ. ಕ್ಯಾಮ್‌ಸ್ಟರ್‌ನಲ್ಲಿ ಆ ಕೈಯ ಕೆಲಸ ಮಾಡುತ್ತಿರುವುದು ನಿಮಗೆ ಬರೀ ರಾಶಿಯಾಗಿ ಕಂಡ ಕಲ್ಲುಗಳು. ಹೀಗಾಗಿ ಇಂಥ ಸ್ಮಾರಕಗಳಲ್ಲಿ ‘ಕಟ್ಟಡ’ ಮತ್ತು ‘ಬಿಡಿಗಲ್ಲು’ ಎಂಬ ಭೇದವನ್ನು ಮಾಡುವುದೇ ಕಷ್ಟ. ಐರ್ಲೆಂಡಿನ ನ್ಯೂಗ್ರೇಂಜ್ ಗೋರಿಯಲ್ಲಿ ಛಾವಣಿಯ ಚಪ್ಪಡಿಗಳ ಮೇಲ್ಮೈಯಲ್ಲಿ, ಮಳೆನೀರು ಕೋಣೆಗೆ ಇಳಿಯದೆ ಪಕ್ಕಕ್ಕೆ ಹರಿದುಹೋಗಲೆಂದು ಸಣ್ಣ ಕಾಲುವೆಗಳನ್ನು ಕೊರೆದಿರುವುದು ಉತ್ಖನನದಲ್ಲಿ ಕಂಡುಬಂತು. ರಾಶಿಯೊಳಗೆ ಹೂತುಹೋಗಿ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮಾಡಿದ ಕೆಲಸವದು. ರಾಶಿಯ ಒಳಗಿರುವುದೆಲ್ಲ ತುಂಬುಗಲ್ಲು ಎಂದು ತಳ್ಳಿಹಾಕುವವರು ಈ ಕಾಲುವೆಗಳನ್ನು ನೆನೆಸಿಕೊಳ್ಳಬೇಕು.

ಇದು ಭಾರದ ಮಾತಾಯಿತು. ಇದಕ್ಕಿಂತ ದೊಡ್ಡದು ಸಾಕ್ಷ್ಯದ ಮಾತು. ಅದಕ್ಕೆ ಪಕ್ಕದ ಉದ್ದ ಗುಪ್ಪೆಯನ್ನು ನೋಡಬೇಕು.

ಉದ್ದ ಗುಪ್ಪೆ ಸುಮಾರು 70 ಮೀಟರ್ ಉದ್ದವಿದೆ. ಎರಡೂ ತುದಿಗಳಲ್ಲಿ ಗೋಡೆಗಳು ಕೊಂಬಿನಂತೆ ಮುಂದೆ ಚಾಚಿಕೊಂಡು ಒಂದೊಂದು ಅಂಗಳವನ್ನು ಬಳಸಿವೆ. ಆದರೆ ಕೋಣೆಗಳ ಓಣಿಗಳು ಈ ಅಂಗಳಗಳಿಗೆ ತೆರೆದುಕೊಳ್ಳುವುದಿಲ್ಲ. ಎರಡು ಕೋಣೆಗಳಿಗೂ ದಾರಿ ಇರುವುದು ಗುಪ್ಪೆಯ ಉದ್ದನೆಯ ಮಗ್ಗುಲಿನಿಂದ. ಇಷ್ಟು ದೊಡ್ಡ ಕಟ್ಟಡಕ್ಕೆ ಭರ್ಜರಿ ಮುಂಭಾಗ ಕಟ್ಟಿ ಬಾಗಿಲನ್ನು ಮಗ್ಗುಲಲ್ಲಿ ಇಡುವುದೆಂದರೆ ವಿಚಿತ್ರವಲ್ಲವೆ? ಇದಕ್ಕೆ ಉತ್ತರ ಸಿಕ್ಕಿದ್ದು 1971ರಿಂದ 1980ರವರೆಗೆ ನಡೆದ ಉತ್ಖನನದಿಂದ. ಅದನ್ನು ಆರಂಭಿಸಿದವರು ಜಾನ್ ಕಾರ್ಕೊರಾನ್. 1975ರಲ್ಲಿ ಅವರು ತೀರಿಕೊಂಡ ಮೇಲೆ ಲಯೊನೆಲ್ ಮಾಸ್ಟರ್ಸ್ ಮುಂದುವರಿಸಿದರು. ಮೊದಲಿಗೆ ಇಲ್ಲಿ ಒಂದೊಂದು ಕೋಣೆಯುಳ್ಳ ಎರಡು ಬಿಡಿ ದುಂಡು ಗುಪ್ಪೆಗಳಿದ್ದವು, ಕಾಲಾಂತರದಲ್ಲಿ ಅವೆರಡನ್ನೂ ಒಡಲಲ್ಲಿಟ್ಟುಕೊಂಡು ಈ ಉದ್ದನೆಯದನ್ನು ಕಟ್ಟಿದರು ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಮೊದಲಿನ ಗೋರಿಗಳ ಬಾಗಿಲು ಎತ್ತ ಇದ್ದವೋ ಅತ್ತಲೇ ಉಳಿದವು. ಹೊಸ ಕಾಲದವರ ಕಾರ್ಯಕಲಾಪಗಳಿಗೆ ಅಂಗಳಗಳು ಬಂದವು.

ಇಂಥ ಮಾತನ್ನು ಪುರಾತತ್ತ್ವಜ್ಞರು ಹೇಗೆ ಹೇಳಬಲ್ಲರು? ಕಲ್ಲುರಾಶಿಯನ್ನು ಪದರ ಪದರವಾಗಿ ಬಿಡಿಸುತ್ತ ಹೋಗುವಾಗ ನಡುವೆ ಎಲ್ಲಿಯಾದರೂ ಅಂಚು ಸರಿಯಾಗಿ ಹೊಂದಿಸಿದ, ಹೊರಕ್ಕೆ ಮುಖ ಮಾಡಿದ ಗೋಡೆಯೊಂದು ಎದುರಾದರೆ ಅಲ್ಲಿ ನಿಂತು ಯೋಚಿಸಬೇಕಾಗುತ್ತದೆ. ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಅಂದವಾಗಿ ಮುಖ ಕಟ್ಟಿದ್ದೇಕೆ? ಒಂದೋ ಅದು ರಾಶಿ ಜಾರದಂತೆ ತಡೆಯುವ ಒಳಗಟ್ಟು, ಇಲ್ಲವೇ ಅದು ಒಂದು ಕಾಲದಲ್ಲಿ ಕಟ್ಟಡದ ಹೊರಮೈಯೇ ಆಗಿತ್ತು. ಎರಡರಲ್ಲಿ ಯಾವುದೆಂದು ತೀರ್ಮಾನವಾಗುವುದು ಅದಕ್ಕೆ ಒರಗಿದ ಕಲ್ಲುಗಳು ಹೇಗೆ ಬಿದ್ದಿವೆ, ಅದರ ಬುಡದಲ್ಲಿ ಮಣ್ಣು ಕೂತಿದೆಯೇ ಇಲ್ಲವೇ, ಕಲ್ಲುಗಳ ಮೇಲ್ಮೈ ಗಾಳಿಮಳೆಗೆ ಸವೆದಿದೆಯೇ ಎಂಬಂಥ ಚಿಲ್ಲರೆ ವಿವರಗಳಿಂದ. ಉದ್ದ ಗುಪ್ಪೆಯ ಅಡಿಯಲ್ಲಿ, ಅದನ್ನು ಕಟ್ಟುವುದಕ್ಕೆ ಮುಂಚೆ ಅದೇ ನೆಲದಲ್ಲಿ ಜನ ಒಲೆ ಹೂಡಿದ್ದ ಗುರುತುಗಳೂ ಮಡಕೆಯ ಚೂರುಗಳೂ ಚಕಮಕಿ ಕಲ್ಲಿನ ತುಣುಕುಗಳೂ ಸಿಕ್ಕಿದವು. ಇನ್ನೂ ಒಂದು ಸಂಗತಿಯಿದೆ: ಗುಪ್ಪೆಯ ಅಡಿಗೆ ಸಿಕ್ಕಿಕೊಂಡ ನೆಲದಲ್ಲಿ ಅಂದಿನ ಗಿಡಮರಗಳ ಪರಾಗ ಉಳಿದಿರುತ್ತದೆ. ನೀವು ಹಲಗೆಯ ದಾರಿಯ ಮೇಲೆ ನಡೆದು ದಾಟಿದ ಜೌಗು ನೆಲ ಗೋರಿಗಳನ್ನು ಕಟ್ಟಿದಾಗ ಹಾಗಿರಲಿಲ್ಲ, ಬೇಸಾಯಕ್ಕೆ ಒದಗುವ ನೆಲವಾಗಿತ್ತು. ಅರೆಕೊಳೆತ ಸಸ್ಯಗಳಿಂದಾದ ಆ ಕಪ್ಪು ಪೀಟ್ ಮಣ್ಣು ಹಬ್ಬಿದ್ದು ಆಮೇಲೆ. ಕೇತ್‌ನೆಸ್ ಮತ್ತು ಸದರ್‌ಲ್ಯಾಂಡ್‌ಗಳ ವಿಶಾಲ ಪೀಟ್ ಜೌಗು, ‘ಫ್ಲೋ ಕಂಟ್ರಿ’, 2024ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಇಂಥ ಗೋರಿಗಳು ಆ ಜೌಗಿಗಿಂತ ಹಿಂದಿನ ಒಂದು ಊರಿನ ನೆಲವನ್ನು ತಮ್ಮ ಅಡಿಯಲ್ಲಿ ಮುಚ್ಚಿಟ್ಟುಕೊಂಡಿವೆ.

ಕಾಯುತ್ತಿರುವುದು ಏನನ್ನು ಎಂಬುದಕ್ಕೆ ನನ್ನ ಉತ್ತರ ಇದು. ಅಲ್ಲಿನ ಕಲ್ಲು ಅಪರೂಪದ್ದಲ್ಲ. ಅದೇ ಕಲ್ಲು ರಸ್ತೆಬದಿಯ ಬೇಲಿಯಲ್ಲೂ ಇದೆ. ಕಾಯುತ್ತಿರುವುದು ಒಂದು ಕಲ್ಲಿಗೂ ಪಕ್ಕದ ಕಲ್ಲಿಗೂ ಇರುವ ಸಂಬಂಧವನ್ನು. ಯಾವುದು ಯಾವುದರ ಮೇಲೆ, ಯಾವುದಕ್ಕೆ ಒರಗಿ, ಯಾವುದಕ್ಕಿಂತ ಮೊದಲು ಎಂಬ ಆ ಕ್ರಮವೇ ಅಲ್ಲಿನ ಬರವಣಿಗೆ. ಬರಹ ತಿಳಿಯದಿದ್ದ ಜನ ನಮಗೆ ಬಿಟ್ಟುಹೋಗಿರುವುದು ಅದೊಂದನ್ನೇ. ಕಲ್ಲನ್ನು ಜಾಗದಿಂದ ಎತ್ತಿದ ಕ್ಷಣಕ್ಕೆ ಕಲ್ಲು ಉಳಿಯುತ್ತದೆ, ಆ ಕ್ರಮ ಅಳಿಸುತ್ತದೆ.

ಇದು ಉತ್ಖನನ ಮಾಡುವ ನಮ್ಮಂಥವರಿಗೂ ಅನ್ವಯಿಸುವ ಮಾತು ಎಂದು ಒಪ್ಪಿಕೊಳ್ಳಬೇಕು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನ ಹೇಜಲ್‌ಟನ್ ನಾರ್ತ್ ಎಂಬ ಇದೇ ಯುಗದ ಗೋರಿ ನೇಗಿಲಿಗೆ ಸಿಕ್ಕಿ ಸವೆಯುತ್ತಿದ್ದುದರಿಂದ 1979ರಿಂದ 1982ರವರೆಗೆ ಅದನ್ನು ಪೂರ್ತಿಯಾಗಿ ಬಿಡಿಸಿ ದಾಖಲಿಸಿದರು. ಇಂದು ಆ ಹೊಲದಲ್ಲಿ ಗೋರಿಯಿಲ್ಲ. ಆದರೆ ಪ್ರತಿಯೊಂದು ಮೂಳೆಯೂ ಎಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದರಿಂದ ನಲವತ್ತು ವರ್ಷಗಳ ತರುವಾಯ ಪ್ರಾಚೀನ ಡಿಎನ್‌ಎ ಪರೀಕ್ಷೆ ಒಂದು ಸೋಜಿಗವನ್ನು ತೆರೆದಿಟ್ಟಿತು. ಪರೀಕ್ಷಿಸಿದ 35 ಜನರಲ್ಲಿ 27 ಮಂದಿ ಒಂದೇ ಕುಟುಂಬದ ಐದು ತಲೆಮಾರಿನವರು. ಮೂಲಪುರುಷ ಒಬ್ಬ, ಅವನಿಗೆ ಮಕ್ಕಳನ್ನು ಹೆತ್ತ ಹೆಂಗಸರು ನಾಲ್ವರು, ಗೋರಿಯೊಳಗೆ ಯಾರನ್ನು ಎತ್ತ ಇಡಬೇಕೆಂಬುದು ತಾಯಿಯ ಕವಲನ್ನು ಅನುಸರಿಸಿತ್ತು. ಮೂಳೆಗಳನ್ನು ಒಂದೇ ಚೀಲಕ್ಕೆ ತುಂಬಿದ್ದರೆ ಅವರು ನೆಂಟರೆಂದು ತಿಳಿಯಬಹುದಿತ್ತು. ಯಾವ ತಾಯಿಯ ಮಕ್ಕಳು ಯಾವ ಕೋಣೆಗೆ ಎಂಬುದು ಎಂದೂ ತಿಳಿಯುತ್ತಿರಲಿಲ್ಲ.

ಕ್ಯಾಮ್‌ಸ್ಟರ್‌ನ ದುಂಡು ಗುಪ್ಪೆಗೆ ಆ ಅದೃಷ್ಟವಿರಲಿಲ್ಲ. ಅದನ್ನು 1865ರಷ್ಟು ಹಿಂದೆಯೇ ಜೋಸೆಫ್ ಆಂಡರ್ಸನ್ ಮತ್ತು ರಾಬರ್ಟ್ ಇನ್ಸ್ ಶಿಯರರ್ ತೆರೆದರು. ಆಂಡರ್ಸನ್ ಆಗ ವಿಕ್ ಪಟ್ಟಣದ ಪತ್ರಿಕೆಯೊಂದರ ಸಂಪಾದಕರು. ಮುಂದೆ ಎಡಿನ್‌ಬರೊ ನಗರದ ರಾಷ್ಟ್ರೀಯ ಪುರಾವಸ್ತು ಸಂಗ್ರಹಾಲಯವನ್ನು ದಶಕಗಳ ಕಾಲ ನಡೆಸಿ ಸ್ಕಾಟಿಷ್ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದವರು. ತಮ್ಮ ಕಾಲಕ್ಕೆ ಅವರು ಬಹಳ ಎಚ್ಚರದ ಮನುಷ್ಯ. ಕೋಣೆಯ ನೆಲದಲ್ಲಿ ಸುಟ್ಟ ಮೂಳೆ, ಮಡಕೆ ಚೂರು, ಚಕಮಕಿ ಉಪಕರಣಗಳು ಇದ್ದುದನ್ನೂ ಓಣಿಯನ್ನು ಬೇಕೆಂದೇ ಕಲ್ಲು ತುಂಬಿ ಮುಚ್ಚಿದ್ದುದನ್ನೂ ಅವರು ಬರೆದಿಟ್ಟರು. ಆ ಕೊನೆಯ ಸಂಗತಿ ಮುಖ್ಯ. ಇವು ಒಬ್ಬನನ್ನು ಹೂತು ಮುಚ್ಚಿದ ಗೋರಿಗಳಲ್ಲ. ತಲೆಮಾರುಗಳ ಕಾಲ ಬಾಗಿಲು ತೆರೆದು, ಹೊಸ ಹೆಣವನ್ನು ತಂದು, ಹಳೆಯ ಮೂಳೆಗಳನ್ನು ಪಕ್ಕಕ್ಕೆ ಸರಿಸಿ, ಕೆಲವನ್ನು ಆಯ್ದು ಬೇರೆಡೆಗೆ ಒಯ್ದು ಬಳಸಿದ ಮನೆಗಳು. ಆರ್ಕ್‌ನಿ ದ್ವೀಪಗಳ ಇಸ್ಬಿಸ್ಟರ್ ಗೋರಿಯಲ್ಲಿ 300ಕ್ಕೂ ಹೆಚ್ಚು ಜನರ ಮೂಳೆಗಳು ಬೆರೆತು ಬಿದ್ದಿದ್ದವು. ಒಂದು ದಿನ ಯಾರೋ ಇನ್ನು ಸಾಕೆಂದು ತೀರ್ಮಾನಿಸಿ ಓಣಿಯನ್ನು ಕಲ್ಲಿನಿಂದ ತುಂಬುತ್ತಾರೆ. 1865ರಲ್ಲಿ ಹೊರಗೆಳೆದು ಹಾಕಿದ ಆ ಕಲ್ಲುಗಳು ಯಾವ ಕ್ರಮದಲ್ಲಿದ್ದವೋ, ನಡುವೆ ಏನೇನಿತ್ತೋ, ಇಂದಿನ ಕಣ್ಣಿನಿಂದ ನೋಡುವ ಅವಕಾಶ ಇನ್ನಿಲ್ಲ.

ಈಗ ನಿಮ್ಮ ಪ್ರಶ್ನೆಯ ಮೊನೆಯಾದ ಭಾಗ: ಮರಳಿ ಕಟ್ಟಿದ್ದರಲ್ಲಿ ಉಳಿದಿರುವುದೇನು? ಉದ್ದ ಗುಪ್ಪೆಯ ಹೊರಗೋಡೆಗಳನ್ನು ಉತ್ಖನನದ ನಂತರ ಎತ್ತಿ ಕಟ್ಟಿದ್ದು ನಿಜ, ಛಾವಣಿಗಳಲ್ಲಿ ಬೆಳಕಿಂಡಿಗಳನ್ನು ಇಟ್ಟಿದ್ದೂ ನಿಜ. ನನಗೆ ವೈಯಕ್ತಿಕವಾಗಿ ಆ ಬೆಳಕಿಂಡಿಗಳ ಬಗ್ಗೆ ಆಕ್ಷೇಪವಿಲ್ಲ, ಏಕೆಂದರೆ ಅವು ತಾವು ಹೊಸವೆಂದು ಮುಚ್ಚಿಡುವುದಿಲ್ಲ. ಯಾರೂ ಅವನ್ನು ನವಶಿಲಾಯುಗದ್ದೆಂದು ನಂಬುವ ಅಪಾಯವಿಲ್ಲ. ಕಷ್ಟ ಇರುವುದು ಹೊಸದು ಹಳೆಯದರಂತೆ ವೇಷ ಹಾಕಿಕೊಂಡಾಗ. ನ್ಯೂಗ್ರೇಂಜ್‌ನ ಮುಂಭಾಗದಲ್ಲಿ ಬಿಳಿ ಬೆಣಚುಕಲ್ಲಿನ ಕಡಿದಾದ ಗೋಡೆಯನ್ನು ಉತ್ಖನನಕಾರ ಮೈಕೆಲ್ ಓ’ಕೆಲ್ಲಿಯವರ ತೀರ್ಮಾನದಂತೆ ಎಬ್ಬಿಸಲಾಯಿತು. ಆ ಕಲ್ಲುಗಳು ನಿಜವಾಗಿ ಗೋಡೆಯಾಗಿ ನಿಂತಿದ್ದವೇ ಅಥವಾ ಅಂಗಳದಲ್ಲಿ ಹಾಸಾಗಿದ್ದವೇ ಎಂಬ ವಾದ ಇನ್ನೂ ಮುಗಿದಿಲ್ಲ. ಆರ್ಕ್‌ನಿಯ ಮೇಸ್‌ಹೌ ಗೋರಿಯ ನೆತ್ತಿಯೂ ಹೊಸದೇ. 1861ರಲ್ಲಿ ಅದನ್ನು ಮೇಲಿನಿಂದ ಕೊರೆದು ಇಳಿದಿದ್ದರು, 1910ರಲ್ಲಿ ಸರ್ಕಾರದ ವಶಕ್ಕೆ ಬಂದಾಗ ಕಾಂಕ್ರೀಟ್ ಮುಚ್ಚಿಗೆ ಹಾಕಿದರು. ಅದೇ ಮೇಸ್‌ಹೌಗೆ ಹನ್ನೆರಡನೆಯ ಶತಮಾನದಲ್ಲಿ ನುಗ್ಗಿದ ಸ್ಕ್ಯಾಂಡಿನೇವಿಯ ಮೂಲದ ನಾರ್ಸ್ ಜನ ಗೋಡೆಗಳ ಮೇಲೆ ತಮ್ಮ ರೂನ್ ಲಿಪಿಯಲ್ಲಿ ಮೂವತ್ತಕ್ಕೂ ಹೆಚ್ಚು ಬರಹಗಳನ್ನು ಗೀಚಿ ಹೋದರು. ಅದರಲ್ಲೊಬ್ಬ ಇಂಗಿಗೆರ್ಥ್ ಎಂಬ ಹೆಂಗಸಿನ ಚೆಲುವನ್ನು ಹೊಗಳಿದ್ದಾನೆ. ನಮ್ಮ ಕೋಟೆಗೋಡೆಗಳ ಮೇಲೆ ಬಾಣ ಚುಚ್ಚಿದ ಹೃದಯ ಕೆತ್ತುವವರ ಪೂರ್ವಜನೇ ಅವನು. ಎಂಟುನೂರು ವರ್ಷ ಕಳೆದ ಮೇಲೆ ಅವನ ಗೀಚೂ ಸ್ಮಾರಕದ ಭಾಗವಾಯಿತು; ಆ ಲೆಕ್ಕದಲ್ಲಿ ಇಂದಿನವರಿಗೂ ರಿಯಾಯಿತಿ ಕೇಳಬೇಡಿ. ಸ್ಮಾರಕವೆಂದರೆ ಕಟ್ಟಿದ ದಿನದಂತೆ ಹೆಪ್ಪುಗಟ್ಟಿ ನಿಂತದ್ದಲ್ಲ, ಅದರ ಮೇಲೆ ನಡೆದುದೆಲ್ಲವೂ ಅದರ ಚರಿತ್ರೆಯೇ. ಆದರೆ ಯಾವುದು ಯಾವಾಗ ನಡೆಯಿತೆಂಬ ದಾಖಲೆ ಇರಬೇಕು. ಮರಳಿ ಕಟ್ಟಿದವರ ಬಳಿ ನಕ್ಷೆ, ಛಾಯಾಚಿತ್ರ, ವರದಿ ಇವೆ. ನಿಮ್ಮ ಮಗಳು ತಂದ ಕಲ್ಲು 1970ರ ದಶಕದಲ್ಲಿ ಕೆಲಸದವರು ಇಟ್ಟದ್ದೇ ಇರಬಹುದು. ಅದು ಹಾಗೆ ಇಟ್ಟದ್ದೋ, ಐದು ಸಾವಿರ ವರ್ಷದಿಂದ ಕದಲದೆ ಕುಳಿತದ್ದೋ ಎಂಬುದನ್ನು ಎತ್ತುವವರ ಕೈ ಹೇಳಲಾರದು.

ಕಾನೂನು ಈ ತರ್ಕವನ್ನೇ ಅನುಸರಿಸುತ್ತದೆ. ಬ್ರಿಟನ್ನಿನಲ್ಲಿ ಪ್ರಾಚೀನ ಸ್ಮಾರಕಗಳ ಮೊದಲ ರಕ್ಷಣಾ ಕಾಯ್ದೆ ಬಂದದ್ದು 1882ರಲ್ಲಿ, ಜಾನ್ ಲಬಕ್ ಎಂಬ ಸಂಸತ್ ಸದಸ್ಯರ ವರ್ಷಾನುಗಟ್ಟಲೆಯ ಹಟದಿಂದ. ಆ ಕಾಯ್ದೆಗೆ ಅನುಬಂಧವಾಗಿ ಸ್ಮಾರಕಗಳ ಪಟ್ಟಿಯೊಂದನ್ನು ಲಗತ್ತಿಸಿದ್ದರು. ‘ಷೆಡ್ಯೂಲ್ಡ್’ ಎಂಬ ಮಾತು ಇಂದಿಗೂ ಉಳಿದಿರುವುದು ಅದರಿಂದ. ಆಗ ಜಮೀನುದಾರರ ಒಪ್ಪಿಗೆಯಿಲ್ಲದೆ ಸರ್ಕಾರ ಏನೂ ಮಾಡುವಂತಿರಲಿಲ್ಲ. ಈಗ ಸ್ಕಾಟ್ಲೆಂಡಿನಲ್ಲಿ ಜಾರಿಯಲ್ಲಿರುವುದು 1979ರ ಕಾಯ್ದೆ, ಅದಕ್ಕೆ ಆಮೇಲೆ ಮಾಡಿದ ತಿದ್ದುಪಡಿಗಳ ಸಮೇತ. ಅದನ್ನು ನಡೆಸುವುದು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ. ರಾಷ್ಟ್ರೀಯ ಮಹತ್ತ್ವದ್ದೆಂದು ಅನುಸೂಚಿಗೆ ಸೇರಿಸಿದ ಸ್ಮಾರಕಗಳು ಅಲ್ಲಿ ಸುಮಾರು 8,000 ಇವೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ಆದರೆ ನಕ್ಷೆಯಲ್ಲಿ ಗುರುತಿಸಿದ ಗೆರೆಯ ಒಳಗೆ ಕೆಡವುವುದು, ತೆಗೆಯುವುದು ಮಾತ್ರವಲ್ಲ, ದುರಸ್ತಿ ಮಾಡುವುದಕ್ಕೂ ಸೇರಿಸುವುದಕ್ಕೂ ಲಿಖಿತ ಅನುಮತಿ ಬೇಕು. ಲೋಹಶೋಧಕ ಯಂತ್ರ ಹಿಡಿದು ಓಡಾಡುವುದಕ್ಕೂ ಬೇಕು. ಬೇಕೆಂದು ಹಾನಿ ಮಾಡಿದವರಿಗೆ ದಂಡದ ಜೊತೆಗೆ ಎರಡು ವರ್ಷದವರೆಗಿನ ಸೆರೆವಾಸವೂ ಆಗಬಹುದು. ಕ್ಯಾಮ್‌ಸ್ಟರ್ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ: ಅದು ಅನುಸೂಚಿತವೂ ಹೌದು, ಸರ್ಕಾರದ ಪಾಲನೆಯಲ್ಲಿರುವ ತಾಣವೂ ಹೌದು. ಅಲ್ಲಿ ಕಾವಲುಗಾರರಿಲ್ಲ, ಟಿಕೆಟ್ಟಿಲ್ಲ.

ಭಾರತದ ಕಾನೂನಿಗೂ ಇದಕ್ಕೂ ಒಂದು ವ್ಯತ್ಯಾಸ ಗಮನಿಸುವಂಥದು. ನಮ್ಮ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಸ್ಕಾಟ್ಲೆಂಡಿನಲ್ಲಿ ಹೀಗೆ ಮೀಟರಿನ ಲೆಕ್ಕವಿಲ್ಲ. ಸುತ್ತಣ ನೋಟಕ್ಕೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಪ್ರತಿ ಯೋಜನೆಗೂ ಬೇರೆ ಬೇರೆಯಾಗಿ ತೂಗಿ ನೋಡುತ್ತಾರೆ. ಕ್ಯಾಮ್‌ಸ್ಟರ್‌ನಂಥ ಬಟ್ಟ ಬಯಲಿನಲ್ಲಿ ಕೆಲವು ಕಿಲೋಮೀಟರ್ ಆಚೆಯ ಗಾಳಿಯಂತ್ರವೂ ನೋಟವನ್ನು ಬದಲಿಸುತ್ತದೆ, ಹಾಗಾಗಿ ಅಲ್ಲಿಗೆ ಆ ಕ್ರಮವೇ ಸರಿ. ಆದರೆ ಬೆಟ್ಟದ ಬುಡದಲ್ಲೇ ಕಲ್ಲುಗಣಿ ಕೊರೆಯುವ ನಮ್ಮ ಪರಿಸ್ಥಿತಿಯಲ್ಲಿ, ಟೇಪು ಹಿಡಿದು ಅಳೆದು ತೋರಿಸಬಹುದಾದ ನೂರು ಮೀಟರ್ ಒರಟಾದರೂ ಹೆಚ್ಚು ಉಪಯೋಗಕ್ಕೆ ಬರುವ ನಿಯಮ ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ತಂದೆಯವರ ಮಾತು. ಅವರಿಗೆ ಬಹಳ ಹಳೆಯ ಸಂಗಾತಿಯೊಬ್ಬರಿದ್ದಾರೆ. 1840ರ ದಶಕದಿಂದ ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್, ಇಂದಿನ ಯಾದಗಿರಿ ಜಿಲ್ಲೆಯ ರಾಜನಕೋಳೂರಿನ ಕಲ್ಮನೆಗಳನ್ನು ನೋಡಿ, ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಯಿಸಿ, ಇವು ಬ್ರಿಟನ್, ಐರ್ಲೆಂಡ್‌ಗಳ ಗೋರಿಗಳಂತೆಯೇ ಇವೆ, ಒಂದೇ ಮೂಲದ ಜನರ ಕೆಲಸವಿರಬೇಕು ಎಂದು ಬರೆದರು. ‘ಮೊರೇರ ಮನೆ’ ಎಂಬ ನಮ್ಮ ಜನರ ಮಾತನ್ನೂ, ಮೊರೇರೆಂದರೆ ಕುಳ್ಳರು ಎಂಬ ನಂಬಿಕೆಯನ್ನೂ ಅವರು ದಾಖಲಿಸಿದ್ದಾರೆ. ಅವರ ನಕ್ಷೆಗಳು ಇಂದಿಗೂ ಬೆಲೆಯುಳ್ಳವು. ತೀರ್ಮಾನ ಮಾತ್ರ ನಿಲ್ಲಲಿಲ್ಲ. ಅವರೇ ಅಗೆಯಿಸಿದ ಗುಪ್ಪೆಗಳಲ್ಲಿ ಕಬ್ಬಿಣ ಸಿಕ್ಕಿತ್ತು. ಕ್ಯಾಮ್‌ಸ್ಟರ್ ಕಟ್ಟಿದವರ ಕಾಲಕ್ಕೆ ತಾಮ್ರವೂ ಇರಲಿಲ್ಲ. ಹಿರೇಬೆಣಕಲ್ಲಿನ ಸುಮಾರು 400 ಬೃಹತ್ ಶಿಲಾ ರಚನೆಗಳಲ್ಲಿ ಬಹುಪಾಲು ಕ್ರಿ.ಪೂ. ಮೊದಲ ಸಹಸ್ರಮಾನದವು, ಅಂದರೆ ಕ್ಯಾಮ್‌ಸ್ಟರ್ ಅವಕ್ಕಿಂತ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಹಳೆಯದು. ನಡುವೆ ಯಾವ ಕೊಂಡಿಯೂ ಇಲ್ಲ.

ಹಾಗಾದರೆ ಕ್ಯಾಮ್‌ಸ್ಟರ್‌ನ ಜನ ಬದುಕಿದ್ದ ಯುಗದಲ್ಲಿ, ಅಥವಾ ಅದಕ್ಕೆ ಸ್ವಲ್ಪ ಈಚೆಗೆ, ನಮ್ಮ ಕಡೆಯ ನವಶಿಲಾಯುಗದವರು ಏನು ಮಾಡುತ್ತಿದ್ದರು? ಸಂಗನಕಲ್ಲು, ಬೂದಿಹಾಳಗಳ ಸುತ್ತ ದನ ಸಾಕುತ್ತ, ದೊಡ್ಡಿಯ ಸಗಣಿಯನ್ನು ಒಟ್ಟಿ ಸುಡುತ್ತ ಬೂದಿದಿಬ್ಬಗಳನ್ನು ಬೆಳೆಸುತ್ತಿದ್ದರು. ಸತ್ತವರನ್ನು ಬಹುಮಟ್ಟಿಗೆ ಮನೆಯ ಪಕ್ಕದಲ್ಲೋ ನೆಲದಡಿಯಲ್ಲೋ ಗುಂಡಿ ತೋಡಿ ಹೂಳುತ್ತಿದ್ದರು, ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅಲ್ಲಿಯವರು ಬದುಕಿದ್ದವರ ಮನೆಗಳನ್ನು ಹೆಚ್ಚಾಗಿ ಮರದಲ್ಲಿ ಕಟ್ಟಿ ಸತ್ತವರ ಮನೆಯನ್ನು ಕಲ್ಲಿನಲ್ಲಿ ಕಟ್ಟಿದರು. ಇಲ್ಲಿಯವರ ಗುರುತಾಗಿ ದಿಗಂತದಲ್ಲಿ ಉಳಿದದ್ದು ದನದ ದೊಡ್ಡಿಯ ಬೂದಿ. ಯುಗದ ಹೆಸರು ಒಂದೇ ಆದರೂ ನೆನಪಿಡಬೇಕಾದ್ದು ಯಾವುದೆಂಬ ತೀರ್ಮಾನ ಬೇರೆಯಾಗಿತ್ತು.

ಹಾಗೆಂದು ತಂದೆಯವರ ಕಣ್ಣು ಕಂಡದ್ದು ಸುಳ್ಳಲ್ಲ. ಹಿರೇಬೆಣಕಲ್ಲಿನ ಕಲ್ಮನೆಯ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿಗೂ ಕ್ಯಾಮ್‌ಸ್ಟರ್‌ನ ಇಕ್ಕಟ್ಟಾದ ಓಣಿಗೂ ಕೆಲಸ ಹೆಚ್ಚುಕಡಿಮೆ ಒಂದೇ ಆಗಿರಬೇಕು: ಸತ್ತವರ ಮನೆಗೆ ಮತ್ತೆ ಮತ್ತೆ ಹೋಗಿಬರುವ ದಾರಿ, ಆದರೆ ಸುಲಭವಾಗಿ ಹೋಗಲಾಗದ ದಾರಿ. ದೇಹ ಕರಗಿದ ಮೇಲೆ ಮೂಳೆಗಳನ್ನು ಆಯ್ದು ತಂದು ಇಡುವ ರೂಢಿ ನಮ್ಮ ಶಿಲಾಸಮಾಧಿಗಳಲ್ಲೂ ಉಂಟು. ಸಂಬಂಧವಿಲ್ಲದ ಇಬ್ಬರು, ಸೀಳುವ ಕಲ್ಲು ಕೈಗೆ ಸಿಕ್ಕಾಗ, ಒಂದೇ ಬಗೆಯ ಅಗತ್ಯಕ್ಕೆ ಹತ್ತಿರ ಹತ್ತಿರದ ಉತ್ತರ ಕಂಡುಕೊಂಡರು. ಟೇಲರ್ ಅವರ ವಿವರಣೆಗಿಂತ ಇದೇ ನನಗೆ ಹೆಚ್ಚು ಬೆರಗಿನದಾಗಿ ಕಾಣುತ್ತದೆ.

ಕೊನೆಯದಾಗಿ, ಕಲ್ಲು. ಮೊದಲು ಗಾಬರಿ ಬಿಡಿ: ಸ್ಕಾಟ್ಲೆಂಡಿನಲ್ಲಿ ಹನ್ನೆರಡು ವರ್ಷ ತುಂಬದ ಮಕ್ಕಳ ಮೇಲೆ ಅಪರಾಧದ ಹೊಣೆ ಹೊರಿಸಲು ಬರುವುದಿಲ್ಲ. ಆದರೆ ಈಗ ವಿಷಯ ತಿಳಿದಿರುವ ದೊಡ್ಡವರು ನೀವು. ಆದ್ದರಿಂದ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನೀವೇ ಕಾರು ಹತ್ತಿ ಹೋಗಿ ಗುಪ್ಪೆಯ ಮೇಲೆ ಇಟ್ಟುಬರಲೂ ಬೇಡಿ. ಸ್ಕಾಟ್ಲೆಂಡಿನ ಬೆಟ್ಟದ ತುದಿಗಳಲ್ಲಿ ಹೋಗುವ ಬರುವವರೆಲ್ಲ ಒಂದೊಂದು ಕಲ್ಲು ಸೇರಿಸುವ ಹಳೆಯ ವಾಡಿಕೆ ಉಂಟು. ‘ನಿನ್ನ ಕಲ್ಗುಪ್ಪೆಗೆ ನಾನೊಂದು ಕಲ್ಲು ಹಾಕುತ್ತೇನೆ’ ಎಂದರೆ ಗೇಲಿಕ್ ಭಾಷೆಯಲ್ಲಿ ನಿನ್ನನ್ನು ಮರೆಯುವುದಿಲ್ಲ ಎಂದರ್ಥ. ಆ ವಾಡಿಕೆ ದಾರಿಗುಪ್ಪೆಗಳಿಗೆ ಸರಿ, ಅನುಸೂಚಿತ ಗೋರಿಗೆ ಸಲ್ಲದು. ತಪ್ಪು ಜಾಗದಲ್ಲಿ ಇಟ್ಟ ಕಲ್ಲು, ತೆಗೆದ ಕಲ್ಲಿನಷ್ಟೇ ಸುಳ್ಳು ಹೇಳುತ್ತದೆ.

ಕಲ್ಲನ್ನು ತೊಳೆಯದೆ, ಉಜ್ಜದೆ, ಒಂದು ಕಾಗದದ ಚೀಲದಲ್ಲಿ ಇಡಿ. ಎರಡೂ ಮಗ್ಗುಲುಗಳ ಚಿತ್ರ ತೆಗೆದು, ಯಾವ ದಿನ ಹೋಗಿದ್ದಿರಿ, ಏನಾಯಿತು ಎಂಬುದನ್ನು ನೇರವಾಗಿ ಬರೆದು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್‌ಗೆ ಕಳಿಸಿ, ಕಲ್ಲನ್ನು ಹೇಗೆ ತಲುಪಿಸಬೇಕೆಂದು ಕೇಳಿ. ಅದು ಎಲ್ಲಿ ಸಿಕ್ಕಿತೆಂಬುದಕ್ಕೆ ಮಗಳಿಂದಲೇ ಒಂದು ಚಿತ್ರ ಬರೆಸಿ ಪತ್ರದ ಜೊತೆಗೆ ಇಡಿ. ದುಂಡು ಗುಪ್ಪೆಯೋ ಉದ್ದ ಗುಪ್ಪೆಯೋ, ಗೋಡೆಯ ಬುಡದಲ್ಲೋ ಹುಲ್ಲಿನ ಮೇಲೋ ಓಣಿಯ ಒಳಗೋ ಎಂಬಷ್ಟು ಅವಳಿಗೆ ನೆನಪಿದ್ದರೂ ಆ ಕಲ್ಲಿಗೆ ಕಳೆದುಕೊಂಡ ವಿಳಾಸದ ಒಂದು ಸಾಲಾದರೂ ಮರಳಿ ಸಿಗುತ್ತದೆ.